ತಲೆ ಮೇಲೆ ಪುಸ್ತಕದ ಗಂಟು

ಕನ್ನಡ ಪುಸ್ತಕ ಯಾರು ಕೊಳ್ತಾರ್ರೀ ಅನ್ನೋರು ಗಳಗನಾಥರ ಕತೆ ಕೇಳಬೇಕು.

ಹಾವೇರಿ ಸೀಮೆಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ಈ ವೆಂಕಟೇಶ ತಿರಕೋ ಕುಲಕರ್ಣಿ ಶಾಲಾ ಮಾಸ್ತರು. ಊರ ಹೆಸರೇ ಕಾವ್ಯನಾಮ. ಆಗ ಈ ಭಾಗ ಮುಂಬೈ ಪ್ರಾಂತ. ಓದುಬಲ್ಲವರ ಕೈಲಿ ಮರಾಠಿ ಪುಸ್ತಕ. ಮಾಸ್ತರು ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವಂತದ್ದೂ ಬರೆದರು. ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದರು.

ಬರೆದರೆ ಸಾಕೇ? ಕೊಳ್ಳೋರು ಬೇಕಲ್ಲ! ಗಿರಾಕಿ ಬರಲಿ ಅಂತ ಕಾಯದೆ ಅಂಗಡಿಯನ್ನೇ ತಲೆ ಮೇಲೆ ಹೊತ್ತರು. ಪುಸ್ತಕದ ಗಂಟಿನೊಡನೆ ಊರೂರು ತಿರುಗಿ ಮಾರಿದರು. ಹೀಗೆ ಓದೋ ಚಟ ಹತ್ತಿಸಿದವರು 1942ರಲ್ಲಿ ತೀರಿಕೊಂಡರು.

ಕನ್ನಡ ಕಾದಂಬರಿ ಪಿತಾಮಹ ಅನ್ನೋ ಹೆಸರು ಉಳಿದಿದೆ. ಇವತ್ತು ಕಾದಂಬರಿ ಹಿಡಿದು ಬಸ್ಸಲ್ಲಿ ಕೂತವರ ಮೇಲೆ ಆ ಗಂಟಿನ ಋಣವೂ ಇದೆ.