ನಶೆ ಬಿಟ್ಟ ವರ್ಷದ ‘ಬ್ಲೂ ಟ್ರೇನ್’: ಜಾನ್ ಕೋಲ್ಟ್ರೇನ್ ಬದುಕು

ಜಾಝ್ ಲೋಕದಲ್ಲಿ ಮೈಲ್ಸ್ ಡೇವಿಸ್ ತಂಡದಲ್ಲಿ ಜಾಗ ಸಿಗುವುದೆಂದರೆ ಸಣ್ಣ ಮಾತಲ್ಲ. 1957ರಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಆ ಜಾಗ ಕಳಕೊಂಡರು. ಕಾರಣ ಹೆರಾಯಿನ್ ಮತ್ತು ಕುಡಿತ. ಆಗ ಅವರಿಗೆ ಮೂವತ್ತು ವರ್ಷ.

ಹುಟ್ಟಿದ್ದು 1926ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ತಂದೆ ಟೈಲರ್. ಹನ್ನೆರಡನೇ ವಯಸ್ಸಿಗೇ ತಂದೆ ತೀರಿಹೋದರು.

ಕೆಲಸ ಹೋದ ಮೇಲೆ ಫಿಲಡೆಲ್ಫಿಯಾದಲ್ಲಿದ್ದ ತಾಯಿಯ ಮನೆ ಸೇರಿ, ಹೆರಾಯಿನ್ ಒಮ್ಮೆಲೇ ಬಿಟ್ಟರು. ಮೈಯೆಲ್ಲ ನೋವು, ನಿದ್ದೆಯಿಲ್ಲದ ರಾತ್ರಿಗಳನ್ನು ದಾಟದೆ ಆ ಚಟ ಬಿಡುವುದಿಲ್ಲ. (ಇಂದು ಇದಕ್ಕೆ ವೈದ್ಯರ ನೆರವಿದೆ, ಒಬ್ಬರೇ ಒದ್ದಾಡಬೇಕಿಲ್ಲ.) ಜೊತೆಗೆ ನಿಂತದ್ದು ತಾಯಿ ಮತ್ತು ಪತ್ನಿ ನಈಮಾ. ನಈಮಾ ಇಸ್ಲಾಂ ಸ್ವೀಕರಿಸಿದ್ದವರು. ಅವರ ಹೆಸರಲ್ಲೇ ಕೋಲ್ಟ್ರೇನ್ ಮುಂದೆ ಒಂದು ರಾಗರಚನೆ ಮಾಡಿದರು.

ಅದೇ ವರ್ಷ ಸೆಪ್ಟೆಂಬರ್ 15. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ತಮ್ಮ ಹೆತ್ತವರ ಮನೆಯ ಹಾಲ್‌ನಲ್ಲೇ ಸ್ಟುಡಿಯೋ ನಡೆಸುತ್ತಿದ್ದರು. ‘ಬ್ಲೂ ಟ್ರೇನ್’ ಆಲ್ಬಂ ರೆಕಾರ್ಡ್ ಆದದ್ದು ಅಲ್ಲಿ. ಐದು ರಚನೆ, ನಾಲ್ಕು ಕೋಲ್ಟ್ರೇನ್‌ರದ್ದೇ. ಟ್ರಂಪೆಟ್ ಊದಿದ ಲೀ ಮಾರ್ಗನ್‌ಗೆ ಬರೀ 19 ವರ್ಷ! ಮೊದಲಿಗೆ ಮೂರು ಊದುವಾದ್ಯಗಳು ಒಟ್ಟಾಗಿ, ನಿಧಾನಕ್ಕೆ ಒಂದು ಸಾಲು ನುಡಿಸುತ್ತವೆ. ಆಮೇಲೆ ಕೋಲ್ಟ್ರೇನ್ ಒಬ್ಬರೇ ಮುಂದೆ ಬರುತ್ತಾರೆ. ಕೈ ನಡುಗಿದ ಮನುಷ್ಯನ ವಾದನ ಅದಲ್ಲ. ಹಾರ್ಡ್ ಬಾಪ್ ಅಂದರೇನು ಎಂದು ಕೇಳಿದರೆ ಇದನ್ನೇ ಕೇಳಿಸಬಹುದು.

ಸ್ವಲ್ಪ ಸಮಯದಲ್ಲೇ ಮೈಲ್ಸ್ ಅವರನ್ನು ವಾಪಸ್ ಕರೆಸಿಕೊಂಡರು.

1967ರ ಜುಲೈ 17ರಂದು ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಯಸ್ಸು ಬರೀ ನಲವತ್ತು. ಸಿತಾರ್ ವಾದಕ ರವಿಶಂಕರ್ ಮೇಲಿನ ಅಭಿಮಾನದಿಂದ ಒಬ್ಬ ಮಗನಿಗೆ ರವಿ ಎಂದು ಹೆಸರಿಟ್ಟಿದ್ದರು. ಆಗ ಆ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ರವಿ ಕೋಲ್ಟ್ರೇನ್ ಕೂಡ ಮುಂದೆ ಹಿಡಿದದ್ದು ಸ್ಯಾಕ್ಸೊಫೋನ್.