‘ಸೋಪ್ ಶಾಸ್ತ್ರಿ’ ಸೋಸಲೆ ಗರಳಪುರಿ ಶಾಸ್ತ್ರಿಗಳು

ವಿದ್ಯೆಯು ಎರಡು ಬಗೆಯಲ್ಲಿ ಸಾರ್ಥಕವಾಗುತ್ತದೆ. ಗ್ರಂಥದಲ್ಲಿ ನೆಲೆನಿಂತು ಮುಂದಿನವರಿಗೆ ದಾರಿ ತೋರುವುದು ಒಂದು ಬಗೆ. ಮನೆಮನೆಯ ನಿತ್ಯದ ಬಳಕೆಯಲ್ಲಿ ಬೆರೆತು, ಕಲಿತವನ ಹೆಸರನ್ನೇ ಮರೆಸಿಬಿಡುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ನಿದರ್ಶನವನ್ನು ನಾವು ದೂರದಲ್ಲಿ ಅರಸಬೇಕಾಗಿಲ್ಲ.

ಕಳಲೆಯ ನಮ್ಮ ಮಕ್ಕಳಿಗೆ ನಂಜನಗೂಡು ದಿನನಿತ್ಯದ ಊರು. ಸಂಸ್ಕೃತಜ್ಞರು ಅದನ್ನೇ ಗರಳಪುರಿಯೆಂದು ಕರೆದರು, ಗರಳವೆಂದರೆ ನಂಜು. ಅಲ್ಲಿಂದ ಮುಂದೆ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಸಂಗಮದ ಸೀಮೆಯಲ್ಲಿರುವ ಸೋಸಲೆ ಪಂಡಿತರ ಊರೆಂದು ಹೆಸರಾದುದು. ಹತ್ತೊಂಬತ್ತನೆಯ ಶತಮಾನದ ಸಂಸ್ಕೃತ ವಿದ್ವಾಂಸರಾದ ಗರಳಪುರಿ ಶಾಸ್ತ್ರಿಗಳೂ, ಆಸ್ಥಾನ ಕವಿಗಳಾದ ಅಯ್ಯಾಶಾಸ್ತ್ರಿಗಳೂ ಆ ಊರಿಗೆ ಕೀರ್ತಿ ತಂದವರು. ಅದೇ ಸೋಸಲೆಯ ಹೆಸರನ್ನೂ ಅದೇ ಗರಳಪುರಿಯ ಹೆಸರನ್ನೂ ಹೊತ್ತ ಇನ್ನೊಬ್ಬ ಶಾಸ್ತ್ರಿಗಳು ವ್ಯಾಕರಣ, ಅಲಂಕಾರಗಳ ದಾರಿಯನ್ನು ಬಿಟ್ಟು ರಸಾಯನಶಾಸ್ತ್ರವನ್ನು ಹಿಡಿದರು.

ಆ ದಾರಿ ಅಂದು ರಾಜಮಾರ್ಗವಾಗಿರಲಿಲ್ಲ. 1916ಕ್ಕೆ ಮೊದಲು ಮೈಸೂರು ಸಂಸ್ಥಾನಕ್ಕೆ ತನ್ನದೆಂಬ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸಿನ ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿದ್ದವು. ರಸಾಯನಶಾಸ್ತ್ರವನ್ನು ಓದಿದವನಿಗೆ ಉಪಾಧ್ಯಾಯ ವೃತ್ತಿಯನ್ನೋ ಸರ್ಕಾರಿ ಕಚೇರಿಯನ್ನೋ ಬಿಟ್ಟರೆ ಬೇರೆ ನೆಲೆ ವಿರಳ. ಓದನ್ನು ಉದ್ಯಮಕ್ಕೆ ಹೊಂದಿಸುವ ಅವಕಾಶವು, 1911ರಲ್ಲಿ ಪಾಠಪ್ರವಚನಗಳನ್ನು ಆರಂಭಿಸಿದ ಬೆಂಗಳೂರಿನ ಟಾಟಾ ವಿಜ್ಞಾನಮಂದಿರದಿಂದ ತೆರೆಯಿತು.

ಮೈಸೂರಿನ ಕಾಡುಗಳಲ್ಲಿ ಶ್ರೀಗಂಧಕ್ಕೆ ಕೊರತೆಯಿರಲಿಲ್ಲ. ಆದರೆ ನಾವು ಮಾರುತ್ತಿದ್ದುದು ಕೊರಡನ್ನು. ಅದರ ಸಾರವನ್ನು ತೆಗೆದು ಬೆಲೆ ಹೆಚ್ಚಿಸಿಕೊಳ್ಳುತ್ತಿದ್ದವರು ಯೂರೋಪಿನವರು. 1914ರಲ್ಲಿ ಮಹಾಯುದ್ಧ ಆರಂಭವಾಗಲು ಆ ವ್ಯಾಪಾರ ಮುಗ್ಗರಿಸಿ, ಗಂಧದ ರಾಶಿ ಇಲ್ಲಿಯೇ ಉಳಿಯಿತು. ವಿಪತ್ತೇ ಗುರುವಾಯಿತು. ವಿಜ್ಞಾನಮಂದಿರದಲ್ಲಿ ಸಡ್‌ಬರೋ, ವಾಟ್ಸನ್ ಎಂಬ ರಸಾಯನಜ್ಞರು ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. 1916ರಲ್ಲಿ ಎಣ್ಣೆಯ ಕಾರ್ಖಾನೆ ತಲೆಯೆತ್ತಿತು.

ಎಣ್ಣೆ ದೊರೆತ ಮೇಲೆ ಅದರಿಂದ ಸಾಬೂನು ಮಾಡುವ ಯೋಚನೆ ಹುಟ್ಟಿತು. ಮುಂಬಯಿಯಿಂದ ತಜ್ಞರನ್ನು ಕರೆಸಿ ಪ್ರಯೋಗಗಳನ್ನು ನಡೆಸಲಾಯಿತು. ವಿಶ್ವೇಶ್ವರಯ್ಯನವರು ತರುಣ ರಸಾಯನಜ್ಞರಾದ ಗರಳಪುರಿ ಶಾಸ್ತ್ರಿಗಳನ್ನು ಗುರುತಿಸಿ, ಹೆಚ್ಚಿನ ಶಿಕ್ಷಣಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಶಾಸ್ತ್ರಿಗಳು ಆ ವಿದ್ಯೆಯನ್ನು ಕರಗತಮಾಡಿಕೊಂಡು ಮರಳಿದರು. 1918ರಲ್ಲಿ ಬೆಂಗಳೂರಿನಲ್ಲಿ, ಇಂದಿನ ಕೃಷ್ಣರಾಜ ವೃತ್ತದ ಬಳಿ, ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು.

ಕೊಬ್ಬಿನೆಣ್ಣೆಯೂ ಕ್ಷಾರವೂ ಕೂಡಿದರೆ ಸಾಬೂನು, ಗ್ಲಿಸರಿನ್ ಎರಡೂ ಉಂಟಾಗುತ್ತವೆಂಬುದು ಕಾಲೇಜಿನ ವಿದ್ಯಾರ್ಥಿಗೂ ತಿಳಿದ ಪಾಠ. ಆದರೆ ಪರೀಕ್ಷೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸುವ ಈ ಸಮೀಕರಣ ಕಾರ್ಖಾನೆಯಲ್ಲಿ ಅಷ್ಟು ಸುಲಭವಲ್ಲ. ಕ್ಷಾರ ಮಿಕ್ಕರೆ ಚರ್ಮ ಉರಿಯುತ್ತದೆ. ಸಾಲದಿದ್ದರೆ ಎಣ್ಣೆ ಜಿಡ್ಡಾಗಿ ಉಳಿಯುತ್ತದೆ. ಬೆಲೆಯುಳ್ಳ ಸುಗಂಧವನ್ನು ಕುದಿಯುವ ಕಡಾಯಿಗೆ ಸುರಿದರೆ ಅದು ಆವಿಯಾಗಿ ಹೋಗುತ್ತದೆ. ಆದುದರಿಂದ ಸಾಬೂನು ಆರಿ ಚಕ್ಕೆಯಾದ ಮೇಲೆ ಅದನ್ನು ಬೆರೆಸಿ ಅರೆಯಬೇಕು. ಶುದ್ಧವಾದ ಗಂಧದೆಣ್ಣೆಯನ್ನು ಸಾಬೂನಿನಲ್ಲಿ ನೆಲೆಗೊಳಿಸುವ ಕ್ರಮವನ್ನು ನಿಯತಗೊಳಿಸಿದುದೇ ಶಾಸ್ತ್ರಿಗಳ ಸಾಧನೆ. ಒಡವೆಯನ್ನು ಇರಿಸುವಂತಹ ಹೂಬಳ್ಳಿಯ ಪೆಟ್ಟಿಗೆಯಲ್ಲಿ ಅದು ಅಂಗಡಿಗೆ ಬಂದಿತು. ಸಿಂಹದ ಒಡಲು, ಆನೆಯ ಶಿರಸ್ಸುಳ್ಳ ಶರಭವು ಅದರ ಲಾಂಛನವಾಯಿತು. ಜನರು ಪ್ರೀತಿಯಿಂದ ಅವರನ್ನು ಸೋಪ್ ಶಾಸ್ತ್ರಿಗಳೆಂದೇ ಕರೆದರು.

ಕಾರ್ಖಾನೆಯು 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರಗೊಂಡಿತು. 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ಸಂಸ್ಥೆಯಾಯಿತು. 2006ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಶಾಸ್ತ್ರಿಗಳ ಹೆಸರನ್ನು ಬಲ್ಲವರು ಇಂದು ಕೆಲವರೇ; ಅವರ ವಿದ್ಯೆಯ ಪರಿಮಳವನ್ನು ಅರಿಯದ ಮನೆ ಕನ್ನಡನಾಡಿನಲ್ಲಿ ವಿರಳ.

ನಾನು ಕನ್ನಡದ ಪಂಡಿತ. ನನ್ನ ಪರಿಚಯವಿರುವುದು ಕಾವ್ಯದ ನವರಸಗಳೊಡನೆ. ಪ್ರಯೋಗಶಾಲೆಯ ಘಾಟು ನನಗೆ ಬಹುಕಾಲ ಒಗ್ಗಿದುದಲ್ಲ. ಆದರೂ, ರಸಾಯನಶಾಸ್ತ್ರದ ಪದವಿಯಿಂದ ಏನು ಫಲವೆಂದು ಬಡ ರೈತನ ಮಗನು ಕೇಳಿದಾಗ ನಾನು ಈ ಶಾಸ್ತ್ರಿಗಳ ಕಥೆಯನ್ನೇ ಹೇಳುತ್ತೇನೆ. ಕೊರಡು ನಮ್ಮಲ್ಲಿಯೇ ಇತ್ತು, ಇಲ್ಲದಿದ್ದುದು ಅರಿವು. ಗ್ರಾಮದ ಶಾಲೆಗೆ ಒಂದು ತಕ್ಕಡಿಯನ್ನು, ನಾಲ್ಕು ಗಾಜಿನ ಪಾತ್ರೆಗಳನ್ನು ಕೊಡಿಸುವ ದಾನಿಗಳು ತಮ್ಮ ದಾನವನ್ನು ಕಿರಿದೆಂದು ಎಣಿಸದಿರಲಿ. ಮುಂದಿನ ಶಾಸ್ತ್ರಿಯು ಯಾವ ಬೆಂಚಿನಲ್ಲಿ ಕುಳಿತಿರುವನೋ ಬಲ್ಲವರಾರು!