ಕದಳಿಯ ಮಹಾದೇವಿಯಕ್ಕನವರು

ಶರಣೆ ಮಹಾದೇವಿಯಕ್ಕನವರು ಕ್ರಿ. ಶ. 12ನೆಯ ಶತಮಾನದಲ್ಲಿ, ಇಂದಿನ ಶಿವಮೊಗ್ಗ ಜಿಲ್ಲೆಗೆ ಸೇರಿದ ಉಡುತಡಿಯಲ್ಲಿ ಅವತರಿಸಿದರು. ಕೌಶಿಕನೆಂಬ ಅರಸನೊಡನೆ ವಿವಾಹವಾಯಿತೆಂದು ಹರಿಹರನ ರಗಳೆಯೂ, ಆಗಲಿಲ್ಲವೆಂದು ಚಾಮರಸನ ಪ್ರಭುಲಿಂಗಲೀಲೆಯೂ ಹೇಳುವುವು. ಆ ವಾದವು ಪಂಡಿತರಿಗಿರಲಿ. ಅರಮನೆಯ ಭೋಗವನ್ನು ತೃಣವಾಗೆಣಿಸಿ ಹೊರಟರೆಂಬಲ್ಲಿ ಭೇದವಿಲ್ಲ.

ಕಲ್ಯಾಣದ ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳ ಕಠಿನ ಪರೀಕ್ಷೆಯನ್ನು ಗೆದ್ದು ಶರಣರ ಮನ್ನಣೆಗೆ ಪಾತ್ರರಾದರೆಂದು ಶೂನ್ಯಸಂಪಾದನೆಯು ವರ್ಣಿಸುವುದು. ಆದರೂ ಆ ಗೌರವದಲ್ಲಿ ಅವರ ವಿರಹತಾಪವು ಶಮಿಸಲಿಲ್ಲ. ಶ್ರೀಶೈಲದ ದಾರಿ ಹಿಡಿದರು. ಹಸಿವು, ಬಿಸಿಲು, ಮೃಗಭಯ, ಜನರ ನಿಂದೆ ಇವೆಲ್ಲವೂ ಒಂಟಿಯಾಗಿ ನಡೆದ ಹೆಣ್ಣಿಗೆ ಎದುರಾದುವು. ಅಡವಿಯು ಅವರಿಗೆ ಬರಿಯ ರಮಣೀಯ ನೋಟವಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನು ಒಡಹುಟ್ಟಿದವರಂತೆ ಕರೆದು, ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದರು. ತನ್ನ ನೂಲಿನಲ್ಲಿಯೇ ಸಿಕ್ಕಿ ಸಾಯುವ ರೇಷ್ಮೆಯ ಹುಳುವಿನಲ್ಲಿ ಸಂಸಾರಬಂಧನವನ್ನು ಕಂಡರು. ಮನೆಯೊಳಗೆ ಕುಳಿತವರಿಗೆ ಇಂತಹ ಸೂಕ್ಷ್ಮದೃಷ್ಟಿ ದೊರೆಯುವುದು ದುರ್ಲಭ. ಅರಮನೆಯಲ್ಲಿ ನೊಂದ ಜೀವಕ್ಕೆ ಬೆಟ್ಟದ ಗಾಳಿಯೂ ಹಳ್ಳದ ನೀರೂ ಔಷಧವಾದುವು. ರೋಗದ ಮೂಲವಾದ ಅಗಲಿಕೆಗೆ ಮಾತ್ರ ಲಿಂಗಸಾಮರಸ್ಯವೊಂದೇ ಮದ್ದಾಯಿತು.

ನಲ್ಲಮಲೆಯ ಕದಳಿಯಲ್ಲಿ ಅವರು ಲಿಂಗೈಕ್ಯರಾದರು. ಭಕ್ತರು ಕೃಷ್ಣೆಯ ಮೇಲೆ ದೋಣಿಯಲ್ಲಿ ಸಾಗಿ, ಬಂಡೆಗಳ ನಡುವಣ ಅಕ್ಕನ ಗವಿಯ ದರ್ಶನವನ್ನು ಪಡೆಯುವರು.